ಕಣ್ಣಾರೆ ನೋಡಿದವರ ಸಹಿ

ಸಮಯಪಾಲಕ ಶಿರೋಮಣಿಗಳೂ ಬಂಗುಡೆ ಮೀನಿನ ಪ್ರಿಯರೂ ನಮ್ಮ ಕೆಳಗಿನ ಫ್ಲ್ಯಾಟಿನ ಭೂಷಣಪ್ರಾಯರೂ ಆಗಿದ್ದ ಶೀನ ಮಾಮನ ಸನ್ನಿಧಾನಕ್ಕೆ,

ಒಮಾನಿನ ಬೌಷರಿನಿಂದ ಧನು ಮಾಡುವ ಅಡ್ಡಬಿದ್ದ ನಮಸ್ಕಾರಗಳು. ಇಲ್ಲಿ ನಾವೆಲ್ಲ ಚೆನ್ನಾಗಿದ್ದೇವೆ. ನಿಮ್ಮ ಆರೋಗ್ಯ ವಿಚಾರಿಸುವುದು ಈಗ ಅಧಿಕಪ್ರಸಂಗವಾದೀತು, ಆದ್ದರಿಂದ ನೇರ ವಿಷಯಕ್ಕೆ ಬರುತ್ತೇನೆ. ನಾನು ಒಂದು ತಪ್ಪೊಪ್ಪಿಗೆ ಸಲ್ಲಿಸಬೇಕು. ಅದಕ್ಕಿಂತ ದೊಡ್ಡದಾಗಿ, ನಿಮ್ಮ ಮೇಲೆ ಒಂದು ದೂರು ಉಂಟು.

ನೆನಪುಂಟಾ, ನಿಮ್ಮ ಎರಡು ವಾಚುಗಳನ್ನು ನಾನು ಅದಲುಬದಲು ಮಾಡಿದ ಶುಕ್ರವಾರ? ಎಡಗೈಗೆ ಒಮಾನಿನ ಸಮಯ, ಬಲಗೈಗೆ ಒಂದೂವರೆ ಗಂಟೆ ಮುಂದಿರುವ ಊರಿನ ಸಮಯ. ಊರಿನಲ್ಲಿ ಅತ್ತೆ ಊಟ ಮಾಡಿದಳಾ ಇಲ್ಲವಾ ಎಂದು ನೀವು ಬಲಗೈ ನೋಡಿಯೇ ಹೇಳುತ್ತಿದ್ದಿರಿ. ಪ್ರತಿ ಶುಕ್ರವಾರ ನಮ್ಮಲ್ಲಿಗೆ ಒಂದು ಗಂಟೆಯ ಊಟಕ್ಕೆ ಬರುತ್ತಿದ್ದವರು ಅವತ್ತು ಹನ್ನೊಂದೂವರೆಗೇ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಬಂದಿರಿ. ಅಮ್ಮ ಇನ್ನೂ ಮೀನು ತೊಳೆಯುತ್ತಿದ್ದಳು. ನೀವು ಬಾಗಿಲಲ್ಲಿ ನಿಂತು ಎಡಗೈ ನೋಡಿದಿರಿ, ಬಲಗೈ ನೋಡಿದಿರಿ, ಆಮೇಲೆ ನನ್ನ ಮುಖ ನೋಡಿದಿರಿ. ಬೈಯಲಿಲ್ಲ. "ಒಂದೂವರೆ ಗಂಟೆ. ನಿನ್ನ ಲೆಕ್ಕದಲ್ಲಿ ಬರೆದುಕೊಂಡಿದ್ದೇನೆ ಮಾರಾಯ" ಎಂದಷ್ಟೇ ಹೇಳಿ ಕೂತುಬಿಟ್ಟಿರಿ. ಕಟ್ಟಡದ ಕಂಪನಿಯಲ್ಲಿ ಕೆಲಸಗಾರರ ಹಾಜರಿ ಬರೆಯುವ ಟೈಮ್‌ಕೀಪರ್ ಆಗಿ ಕೂದಲು ಹಣ್ಣು ಮಾಡಿಕೊಂಡವರನ್ನು ಕೆಣಕಬಾರದೆಂದು ನನಗೆ ಯಾರು ಹೇಳಬೇಕಿತ್ತು?

ಆ ಬಾಕಿಯನ್ನು ನೀವು ವಸೂಲು ಮಾಡಿದ್ದು ನನ್ನ ಪುಷ್ ಅಪ್‌ನಲ್ಲಿ. ಸೇನಾಧಿಕಾರಿಯಾಗಲು ಹೊರಟ ಮಕ್ಕಳಿಗೆ ಮಂಗಳೂರಿನ ಒಂದು ಟ್ರಸ್ಟ್ ತರಬೇತಿಯ ಖರ್ಚೆಲ್ಲ ಕೊಡುತ್ತದೆಂದು ಗೊತ್ತಾದ ಮೇಲೆ, ಅದು ಸಿಕ್ಕಿದರೆ ಮಾತ್ರ ನನ್ನ ಕನಸಿಗೆ ದಾರಿ ಎಂದು ಅಪ್ಪ ಸ್ಪಷ್ಟವಾಗಿ ಹೇಳಿಬಿಟ್ಟಿದ್ದರು. ಫಾರ್ಮಿನಲ್ಲಿ ನಲವತ್ತು ಪುಷ್ ಅಪ್, ಹನ್ನೊಂದು ನಿಮಿಷದ ಒಳಗೆ ಎರಡು ಕಿಲೋಮೀಟರ್ ನಾನೂರು ಮೀಟರ್ ಓಟ. ಸಂಬಂಧಿಕರಲ್ಲದ ದೊಡ್ಡವರೊಬ್ಬರು ನೋಡಿ ಸಹಿ ಹಾಕಬೇಕು. ಬಾಯಿಮಾತಿಗಷ್ಟೇ ಮಾಮನಾದ ಇಷ್ಟು ಸುಲಭದ ಸಾಕ್ಷಿ ಕೆಳಗಿನ ಮನೆಯಲ್ಲೇ ಇದ್ದಾರಲ್ಲ ಎಂದು ನಾನು ಕುಣಿದಿದ್ದೆ. ಮೂರ್ಖತನಕ್ಕೂ ಒಂದು ಮಿತಿ ಬೇಡವಾ?

"ಹನ್ನೊಂದು. ಹನ್ನೆರಡು. ಹನ್ನೆರಡು. ಹನ್ನೆರಡು."

"ಮಾಮ, ಅದು ಹದಿನಾಲ್ಕು!"

"ಎದೆ ನೆಲಕ್ಕೆ ಬರಲಿಲ್ಲ. ಹನ್ನೆರಡು."

"ಮಂಗಳೂರಿನಿಂದ ಯಾರು ಎಣಿಸಲಿಕ್ಕೆ ಬರ್ತಾರೆ?"

"ಅದಕ್ಕೇ ಅಲ್ವಾ ನನ್ನನ್ನು ಇಟ್ಟದ್ದು? ಯಲ್ಲಾ, ಬೇಗ ಕೆಳಗೆ ಹೋಗು. ಹನ್ನೆರಡು."

ಒಂದು ಸಂಜೆ ಪೂರ್ತಿ ನಾನು ಹನ್ನೆರಡರಲ್ಲೇ ವಾಸವಾಗಿದ್ದೆ. ಟೆರೇಸಿನ ಬಿಸಿ ಸಿಮೆಂಟಿನ ವಾಸನೆ ಇನ್ನೂ ಮೂಗಿನಲ್ಲಿದೆ.

ಆಮೇಲೆ ಓಟ. ಸೈಟಿನಿಂದ ಅಳತೆಯ ಚಕ್ರ ತಂದು, ನಮ್ಮ ಬ್ಲಾಕಿನ ಸುತ್ತ ಅದನ್ನು ಉರುಳಿಸಿಕೊಂಡು ನಡೆದಿರಿ. ನಾವು ಚೇಟ ಎಂದು ಕರೆಯುವ ಲಾಂಡ್ರಿಯ ಮಲಯಾಳಿ ಅಣ್ಣ ಹೊರಗೆ ಬಂದು, ಮುನ್ಸಿಪಾಲಿಟಿಯವರು ರಸ್ತೆ ಅಗೆಯುತ್ತಾರಾ ಎಂದು ಕೇಳಿದರು. "ರಸ್ತೆ ಅಲ್ಲ, ಇವನನ್ನು" ಎಂದಿರಿ ನೀವು. ಮೂರನೇ ಸುತ್ತಿನಲ್ಲಿ ನಾನು ನೀರಿನ ಟ್ಯಾಂಕರಿನ ಮರೆಯಿಂದ ಎರಡು ಕಟ್ಟಡಗಳ ನಡುವೆ ನುಗ್ಗಿ ಒಂದು ಮೂಲೆಯ ಓಟ ಉಳಿಸಿದೆ. ಹತ್ತು ನಿಮಿಷ ನಲವತ್ತು ಸೆಕೆಂಡ್! ಕೈ ಮೇಲೆತ್ತಿ ವಿಶ್ವವಿಜೇತನ ಹಾಗೆ ಬಂದೆ. ನಾನು ಚಪ್ಪಾಳೆಗೆ ಕಾಯುತ್ತಿದ್ದರೆ ನೀವು ನಿಮ್ಮ ಪುಸ್ತಕದಲ್ಲಿ "ರದ್ದು" ಎಂದು ಬರೆದಿರಿ. ಆ ಮೂಲೆಯಲ್ಲಿ ನಿಮ್ಮ ಕಂಪನಿಯ ಹುಡುಗನನ್ನು ನಿಲ್ಲಿಸಿದ್ದಿರಂತೆ. ಎಂತಹ ವಿಶ್ವಾಸಘಾತ ಮಾಮ ಅದು!

ನಾನು ಮುಖ ಊದಿಸಿಕೊಂಡಾಗ ಮಾತ್ರ ಸ್ವಲ್ಪ ಮೆತ್ತಗಾಗಿ ಹೇಳಿದಿರಿ. "ನೋಡು ಧನು, ಸೈಟಿನಲ್ಲಿ ಬೆಂಕಿ ಬಿತ್ತು ಅಂತ ಇಟ್ಟುಕೋ. ಎಷ್ಟು ಜನ ಒಳಗಿದ್ದಾರೆ ಅಂತ ನನ್ನ ಪುಸ್ತಕ ನೋಡಿಯೇ ಹುಡುಕುವುದು. ಬಾರದವನನ್ನು ನಾನು ಬಂದಿದ್ದಾನೆ ಅಂತ ಬರೆದಿದ್ದರೆ, ಇಲ್ಲದವನನ್ನು ಹುಡುಕಲಿಕ್ಕೆ ಇನ್ನೊಬ್ಬ ಒಳಗೆ ಹೋಗ್ತಾನೆ. ನೀನು ಆಫೀಸರ್ ಆದರೆ ನಿನ್ನ ನಂಬರ್ ನೋಡಿಯೇ ಅಲ್ವಾ ನಾಲ್ಕು ಜನರನ್ನು ನಿನ್ನ ಹಿಂದೆ ಕಳಿಸುವುದು?" ಮರುದಿನ ನೀವು ಕರೆಯುವ ಮೊದಲೇ ನಾನು ಕೆಳಗೆ ಬಂದು ನಿಂತಿದ್ದೆ. ನನ್ನ ಜೀವನದಲ್ಲಿ ಅಂಥದ್ದು ಅಪರೂಪ ಎಂದು ನಿಮಗೆ ಗೊತ್ತು.

ನೀವು ಆಪರೇಷನ್‌ಗೆಂದು ಊರಿಗೆ ಹೊರಟ ಬೆಳಿಗ್ಗೆ, ಅಪ್ಪ ಡಿಕ್ಕಿಯಲ್ಲಿ ಸೂಟ್‌ಕೇಸ್ ಇಡುತ್ತಿದ್ದಾಗ, ನನ್ನನ್ನು ಪಕ್ಕಕ್ಕೆ ಕರೆದಿರಿ. ನಲವತ್ತು ಪುಷ್ ಅಪ್ ಅಷ್ಟರಲ್ಲಿ ನಿಮ್ಮ ಕೃಪೆಯಿಂದ ಆಗಿತ್ತು. ಓಟ ಬಾಕಿ. "ನಾನು ಬರುವಾಗ ಕೊನೆಯ ದಿನ ಮುಗಿದಿರ್ತದೆ" ಎಂದು ಕಾರಿನ ಬಾನೆಟ್ ಮೇಲೆ ಫಾರ್ಮ್ ಇಟ್ಟು, ಸಮಯದ ಜಾಗ ಖಾಲಿ ಬಿಟ್ಟು, ಕೆಳಗೆ ಸಹಿ ಹಾಕಿದಿರಿ.

"ಮಾಮ, ನನ್ನ ಮೇಲೆ ಇಷ್ಟು ನಂಬಿಕೆಯಾ?"

"ನಂಬಿಕೆ ಇಲ್ಲ ಮಾರಾಯ. ಬೇರೆ ದಾರಿ ಇಲ್ಲ. ಓಡು, ಬಂದದ್ದು ಬರೆ. ಖಲಾಸ್."

ಊರಿನಿಂದ ನಿಮ್ಮ ಸುದ್ದಿ ಬಂದ ದಿನ... ಅದನ್ನು ನಾನು ಬರೆಯುವುದಿಲ್ಲ. ಆ ಶುಕ್ರವಾರ ಅಮ್ಮ ಮರೆತು ನಿಮ್ಮದೂ ಸೇರಿ ಐದು ತಟ್ಟೆ ಇಟ್ಟಳು ಎಂಬಷ್ಟು ತಿಳಿದರೆ ಸಾಕು.

ಅದಾಗಿ ಎರಡು ವಾರಕ್ಕೆ ಓಡಿದೆ. ತಂಗಿ ಫೋನಿನಲ್ಲಿ ಸಮಯ ಹಿಡಿದಳು. ಹನ್ನೊಂದು ನಿಮಿಷ ಹನ್ನೊಂದು ಸೆಕೆಂಡ್. ಪೆನ್ನು ಹಿಡಿದು ಕೂತೆ. ತಪ್ಪೊಪ್ಪಿಗೆ ಇದೇ ನೋಡಿ: ಹತ್ತು ಐವತ್ತೆಂಟು ಎಂದು ಪಕ್ಕದ ಹಾಳೆಯಲ್ಲಿ ಮೂರು ಸಲ ಬರೆದು ನೋಡಿದೆ, ನನ್ನ ಅಕ್ಷರದಲ್ಲಿ ಅದು ಹೇಗೆ ಕಾಣುತ್ತದೆಂದು. ಚೆನ್ನಾಗಿಯೇ ಕಾಣುತ್ತಿತ್ತು. ಆಮೇಲೆ ನಿಮ್ಮ ಸಹಿಯ ಮೇಲಿದ್ದ ಸಣ್ಣ ಅಕ್ಷರ ಓದಿದೆ. "ಈ ಪರೀಕ್ಷೆಯನ್ನು ನಾನು ಕಣ್ಣಾರೆ ನೋಡಿ ಸಮಯ ಅಳೆದಿದ್ದೇನೆ."

ಎಂತ ಮಾಮ ಇದು? ನೀವು ನೋಡಿಲ್ಲವಲ್ಲ! ನಿಜದ ಸಮಯ ಬರೆದರೂ ಅದು ಸುಳ್ಳೇ, ಮತ್ತು ಆ ಸುಳ್ಳು ನಿಮ್ಮ ಹೆಸರಿನಲ್ಲಿ. ಇದೇ ನನ್ನ ದೂರು. ಇಷ್ಟು ವರ್ಷ ಬಾರದವನಿಗೆ ಹಾಜರಿ ಹಾಕದವರು, ನನ್ನೊಬ್ಬನಿಗಾಗಿ, ಅದೂ ವಿಮಾನಕ್ಕೆ ಹೊರಡುವ ಗಡಿಬಿಡಿಯಲ್ಲಿ... ಅಷ್ಟು ಪ್ರೀತಿ ಇತ್ತಾ ನಿಮಗೆ? ಮೊದಲೇ ಹೇಳಬಾರದಿತ್ತಾ? ವಾಚಿಗೆ ಕೈ ಹಾಕುತ್ತಿರಲಿಲ್ಲ.

ಫಾರ್ಮ್ ಕಳಿಸಲಿಲ್ಲ. ಟ್ರಸ್ಟಿಗೆ ಪತ್ರ ಬರೆದೆ: ನನ್ನ ಸಾಕ್ಷಿ ಓಟಕ್ಕೆ ಮೊದಲೇ ಸಹಿ ಹಾಕಿದ್ದರು, ಈಗ ಅವರಿಲ್ಲ, ಈ ಸಹಿ ಓಟದ ಲೆಕ್ಕಕ್ಕೆ ಬರುವುದಿಲ್ಲ, ಬೇರೆಯವರ ಎದುರು ಓಡಲು ಸಮಯ ಕೊಡಿ. ಅಪ್ಪ ತಲೆ ಚಚ್ಚಿಕೊಂಡರು. "ಹುಚ್ಚನಾ ನೀನು? ಇನ್ನೊಂದು ಸಲ ಓಡಿ, ನಿಜ ಬರೆದು ಕಳಿಸಿದ್ದರೆ ಸಾಕಿತ್ತಲ್ಲ!" ಅಮ್ಮ ಮಾತ್ರ ನನಗೆ ಇನ್ನೊಂದು ಬಂಗುಡೆ ಹಾಕಿದಳು. ನಿಮ್ಮ ಪಾಲಿನದ್ದು.

ಟ್ರಸ್ಟಿನವರು ಹತ್ತು ದಿನ ಕೊಟ್ಟರು. ಅಪ್ಪನ ಆಫೀಸಿನ ಕುಲಕರ್ಣಿ ಅಂಕಲ್, ಧಾರವಾಡದವರು, ಸಾಕ್ಷಿಗೆ ಒಪ್ಪಿದರು. ನೀವು ಅಳೆದಿದ್ದ ದಾರಿಯಲ್ಲೇ, ಟ್ಯಾಂಕರಿನ ಮರೆಗೆ ನುಗ್ಗದೆ, ಪೂರ್ತಿ ಮೂಲೆ ಸುತ್ತಿ ಓಡಿದೆ. ಹನ್ನೊಂದು ನಿಮಿಷ ಮೂರು ಸೆಕೆಂಡ್.

"ಏ ತಮ್ಮಾ, ಮೂರ ಸೆಕೆಂಡ್ ಅಲ್ಲೇನೋ? ನಾನೇ ಬಟನ್ ಒತ್ತೂದ್ರಾಗ ತಡಾ ಮಾಡೇನಿ ಅನ್ಕೋ. ಹತ್ತು ಐವತ್ತೊಂಬತ್ತು ಬರಿತೀನಿ."

"ತಡ ಮಾಡಿದ್ರಾ ಅಂಕಲ್?"

"ಇಲ್ಲ."

"ಹಾಗಾದರೆ ಮೂರೇ ಬರೀರಿ."

ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿದರು. "ಯಾರ ಕೈಯಾಗ ಬೆಳದೀಯೋ ನೀ?" ನಾನು ಏದುಸಿರು ಬಿಡುತ್ತಾ ನಿಮ್ಮ ಕಿಟಕಿಯತ್ತ ಕೈ ತೋರಿಸಿದೆ.

ಟ್ರಸ್ಟಿನವರು ಆ ಸಲದ ಪಟ್ಟಿಯಲ್ಲಿ ನನ್ನ ಹೆಸರು ಹಾಕಲಿಲ್ಲ. ನಿಯಮ ನಿಯಮವೇ. ಆರು ತಿಂಗಳ ನಂತರ ಇನ್ನೊಂದು ಪಟ್ಟಿ ಮಾಡುತ್ತಾರಂತೆ, ಓಟವೊಂದನ್ನು ಮತ್ತೆ ಓಡಿ ಕಳಿಸು ಎಂದು ಬರೆದಿದ್ದರು. ನಾನು ಒಂದು ದಿನ ಅತ್ತೆ, ನಾಲ್ಕು ದಿನ ಅಳದ ಹಾಗೆ ನಟಿಸಿದೆ, ಆಮೇಲೆ ಶೂ ಹಾಕಿಕೊಂಡೆ. ಜೂನಿನ ಬಿಸಿಲಲ್ಲಿ ಬೌಷರಿನಲ್ಲಿ ಓಡುವವನು ಒಂದೋ ಹುಚ್ಚ ಒಂದೋ ನಾನು.

ಇವತ್ತು ಬೆಳಿಗ್ಗೆ ಕುಲಕರ್ಣಿ ಅಂಕಲ್ ಮತ್ತೆ ನಿಂತಿದ್ದರು. ನೋಡಿದರು, ಅಳೆದರು, ಆಮೇಲೆ ಸಹಿ ಹಾಕಿದರು, ಈ ಅನುಕ್ರಮದಲ್ಲೇ. ಆಯ್ಕೆಯಾಗುತ್ತೇನೋ ಇಲ್ಲವೋ ಗೊತ್ತಿಲ್ಲ. ಆದರೆ ನೀವು ಕೇಳದೆ ಹೋದ ಸುದ್ದಿ ಇದು: ಹತ್ತು ನಿಮಿಷ ಐವತ್ತೆರಡು ಸೆಕೆಂಡ್. ಕೊನೆಯ ಸುತ್ತಿನಲ್ಲಿ ಗಾಳಿ ಎದುರಿಗೇ ಇತ್ತು ಮಾಮ. ಫಾರ್ಮಿನಲ್ಲಿ ಅದಕ್ಕೆ ಜಾಗವಿಲ್ಲ, ಅದಕ್ಕೇ ನಿಮಗೆ ಹೇಳಿದೆ.

ನಿಮ್ಮ,
ಧನು