ತಣ್ಣಗಿನ ಗೋಪುರಕ್ಕೆ ತಟ್ಟಿದ ಚಪ್ಪಾಳೆ

ಹಸಿರು ಕುಲುಮೆ ಯೋಜನೆಯ ಮಾನ್ಯ ಮುಖ್ಯಾಧಿಕಾರಿಗಳೇ,

ಕಳೆದ ವಾರ ನಿಮ್ಮ ಕಚೇರಿ ಹೊರಡಿಸಿದ ವರದಿಯಲ್ಲಿ ಒಂದು ಸುಳ್ಳಿದೆ. ಸಂಡೂರಿನ ಆಚೆಯ ನಮ್ಮ ಸಣ್ಣ ಸ್ಪಾಂಜ್ ಐರನ್ ಕಾರ್ಖಾನೆಯಲ್ಲಿ ಆಯುಧಪೂಜೆಯ ದಿನ ನಡೆದ ಅವಘಡಕ್ಕೆ ‘ಗುತ್ತಿಗೆ ಕಾರ್ಮಿಕ ಗಾದಿಲಿಂಗನ ಅಜಾಗರೂಕತೆಯೇ ಕಾರಣ’ ಎಂದು ನೀವು ಸಹಿ ಹಾಕಿದ್ದೀರಿ. ಅದು ಸುಳ್ಳೆಂದು ನಿಮಗೂ ಗೊತ್ತು, ನನಗೂ ಗೊತ್ತು. ನಾಚಿಕೆಯಿಂದಲೇ ಹೇಳುತ್ತೇನೆ, ಆ ದಿನ ವೇದಿಕೆಯ ಮೇಲೆ ನಿಮ್ಮ ಪಕ್ಕದ ಕುರ್ಚಿಯಲ್ಲಿ ಕುಳಿತಿದ್ದವಳು ನಾನು.

ಈ ಪತ್ರವನ್ನು ಊರವರೂ ಓದುತ್ತಾರೆ, ಆದ್ದರಿಂದ ಸ್ವಲ್ಪ ವಿವರಿಸುತ್ತೇನೆ. ನಿಮಗೂ ಉಪಯೋಗವಾದೀತು. ನಮ್ಮ ಚಿಮಣಿಯ ಪಕ್ಕದಲ್ಲಿ ಒಂದು ಉಕ್ಕಿನ ಗೋಪುರವಿದೆ. ಅದರ ತುಂಬ ಕಡಲೆಕಾಳಿನ ಗಾತ್ರದ ಸೆರಾಮಿಕ್ ಗುಂಡುಗಳು. ಸುಟ್ಟ ಸುಣ್ಣಕ್ಕೆ ಅಲ್ಯುಮಿನಾ ಬೆರೆಸಿ, ಭಟ್ಟಿಯಲ್ಲಿ ಬೇಯಿಸಿ, ನಾನೇ ಮಾಡಿದವು. ಆರುನೂರೈವತ್ತು ಡಿಗ್ರಿ ಬಿಸಿಯಲ್ಲಿ ಹೊಗೆ ಅವುಗಳ ನಡುವೆ ಹಾಯ್ದಾಗ ಇಂಗಾಲದ ಡೈಆಕ್ಸೈಡನ್ನು ಹಿಡಿದಿಟ್ಟುಕೊಳ್ಳುತ್ತವೆ. ಪಕ್ಕದ ಕುಲುಮೆಯಲ್ಲಿ ಇನ್ನಷ್ಟು ಕಾಯಿಸಿದರೆ ಬಿಟ್ಟುಕೊಡುತ್ತವೆ, ಅದನ್ನು ನಾವು ಸಿಲಿಂಡರಿಗೆ ತುಂಬುತ್ತೇವೆ. ಗುಂಡುಗಳು ಮತ್ತೆ ಗೋಪುರಕ್ಕೆ ಹೋಗುತ್ತವೆ. ಬಿಸಿ ಇದ್ದರೆ ಮಾತ್ರ ಅವುಗಳಿಂದ ಕೆಲಸ, ತಣ್ಣಗಾದರೆ ದಂಡ. ಇನ್ನು ನೀರು ಬಿದ್ದರೆ? ಸುಣ್ಣದ ಕಲ್ಲಿಗೆ ನೀರು ಹೊಯ್ದರೆ ಏನಾಗುತ್ತದೆಂದು ಮನೆಗೆ ಸುಣ್ಣ ಬಳಿದ ಯಾರನ್ನಾದರೂ ಕೇಳಿ. ಕೊತಕೊತ ಕುದಿಯುತ್ತದೆ.

ಆಯುಧಪೂಜೆಗೆ ಯಂತ್ರಗಳನ್ನೆಲ್ಲ ನಿಲ್ಲಿಸಿ, ತೊಳೆದು, ವಿಭೂತಿ ಬಳಿದು, ಕುಂಬಳಕಾಯಿ ಒಡೆಯುವುದು ನಮ್ಮಲ್ಲಿಯ ವಾಡಿಕೆ. ಗೋಪುರಕ್ಕೆ ಮಾತ್ರ ರಿಯಾಯಿತಿ ಇತ್ತು. ಅದನ್ನು ಉರಿಯಲು ಬಿಟ್ಟು, ಪಕ್ಕದ ಪ್ಯಾನೆಲ್ ಡಬ್ಬಿಗೆ ಕುಂಕುಮ ಹಚ್ಚುತ್ತಿದ್ದೆವು. ದೇವಿಯಿಂದ ಯಾವ ತಕರಾರೂ ಬಂದಿರಲಿಲ್ಲ. ತಕರಾರು ಬಂದದ್ದು ನಿಮ್ಮ ಕಚೇರಿಯಿಂದ. ಶಾಮಿಯಾನ ಗೋಪುರದ ಬುಡದಲ್ಲೇ ಇರಬೇಕು, ಸಾಹೇಬರಿಗೆ ಸೆಕೆಯಾಗಬಾರದು, ಗೋಪುರ ಆರಿಸಿಡಿ ಎಂದು ನಿಮ್ಮ ಆಪ್ತ ಸಹಾಯಕರು ಫೋನು ಮಾಡಿದರು. ಬಿಸಿಯಲ್ಲಿ ಮಾತ್ರ ನಡೆಯುವ ಕೆಲಸವನ್ನು ನೋಡಲು ಬರುವವರಿಗೆ ಬಿಸಿ ತಾಗಬಾರದಂತೆ! ಆಹಾ, ಎಂಥ ಪರಿಶೀಲನೆ! ನಾವೂ ಮಹಾ ವಿಧೇಯರು, ಆರಿಸಿಟ್ಟೆವು.

ಪೂಜೆಯ ದಿನ ಬೆಳಿಗ್ಗೆ ಅದೇ ಸಹಾಯಕರು ಬಂದು ಗೋಪುರದ ಪಕ್ಕದ ಕಿಟಕಿಯಂಥ ಮುಚ್ಚಳ ತೆಗೆಸಿ ಇಣುಕಿದರು. “ಒಳಗೂ ಒಂದ್ ಸಲ ನೀರು ಹೊಡೀರಿ. ಗುಂಡು ಬೂದಿ ಹಿಡದಂಗ ಕಾಣ್ತಾವು. ಸಾಹೇಬ್ರು ಆರತಿ ಮಾಡೋ ಜಾಗ ಇದು” ಎಂದರು. ಪೈಪು ಹಿಡಿದಿದ್ದ ಗಾದಿಲಿಂಗ ನನ್ನ ಕಡೆ ತಿರುಗಿದ. “ಹೊಡಿಲೇನ್ರಿ ಮೇಡಂ? ನೀವು ಬ್ಯಾಡ ಅಂದ್ರ ಬಿಡ್ತೀನಿ.”

ನಾನು ಮೆಟ್ರಿ ಊರಿನ ಬೌದ್ಧ ಮನೆಯವಳು. ಕಾರ್ಖಾನೆಯಲ್ಲಿ ಎಲ್ಲರಿಗೂ ಅದು ಗೊತ್ತು. ಬೇಡವೆಂದರೆ ಸಂಜೆಯೊಳಗೆ ‘ಯಶೋಧರಾ ಮೇಡಂಗೆ ನಮ್ಮ ಪೂಜಿ ಆಗಿಬರಂಗಿಲ್ಲ’ ಎಂಬ ಮಾತು ಕ್ಯಾಂಟೀನಿನಿಂದ ಕಂಪನಿ ಬಸ್ಸಿನವರೆಗೂ ಓಡಾಡುತ್ತದೆಂದು ಹೆದರಿದೆ. ಕಂಪ್ಲಿಯಲ್ಲಿ ಓದುವಾಗಿನಿಂದ ಇಂಥ ಮಾತು ಕೇಳಿ ಕೇಳಿ ಸಾಕಾಗಿತ್ತು. ಜೊತೆಗೆ ಮರುದಿನ ಒಣಗಿಸಿದರಾಯಿತು ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. “ಹೂಂ, ಸ್ವಲ್ಪ ಹೊಡಿಯಪ್ಪ” ಅಂದೆ. ಸುಣ್ಣದ ರಸಾಯನಶಾಸ್ತ್ರ ಓದಿ ಪದವಿ ಪಡೆದವಳು ಸುಣ್ಣಕ್ಕೆ ಸ್ವಲ್ಪ ನೀರು ಹೊಡಿ ಅಂದೆ. ಇದನ್ನು ಬರೆಯುವಾಗಲೂ ಮುಖ ಎಲ್ಲಿ ಇಟ್ಟುಕೊಳ್ಳಲಿ ಅನ್ನಿಸುತ್ತಿದೆ.

ಅವನು ನೀರು ಹೊಡೆದು ಮುಚ್ಚಳ ಹಾಕಿದ. ಅದರ ಬೆನ್ನಿಗೇ ನೀವು ಬಂದಿರಿ, ಆರತಿ ಎತ್ತಿದಿರಿ, ಮೈಕು ಹಿಡಿದು ‘ಈ ಕ್ಷಣವೂ ಈ ಗೋಪುರ ಇಂಗಾಲವನ್ನು ನುಂಗುತ್ತಿದೆ’ ಎಂದಿರಿ. ಆರಿದ ಗೋಪುರ ಏನು ನುಂಗೀತು ಸ್ವಾಮಿ? ಆದರೂ ನಾನು ಚಪ್ಪಾಳೆ ತಟ್ಟಿದೆ. ಅಷ್ಟರಲ್ಲಿ ಒಳಗಿಂದ ಬುಸುಗುಟ್ಟುವ ಸದ್ದು ಬಂತು. ವೇದಿಕೆಯಲ್ಲಿದ್ದ ನಾವ್ಯಾರೂ ಏಳಲಿಲ್ಲ. ಗಾದಿಲಿಂಗ ಓಡಿಹೋಗಿ ಮುಚ್ಚಳ ಸಡಿಲಿಸಿದ. ಕುದಿಯುವ ಸುಣ್ಣ ಅವನ ಮುಖಕ್ಕೆ ಹಾರಿತು.

ಎಡಗಣ್ಣು ಹೋಯಿತು. ಈಗ ನಿಮ್ಮ ವರದಿ ತೋರಿಸಿ ಗುತ್ತಿಗೆದಾರರು ಅವನ ಗೇಟ್ ಪಾಸನ್ನೂ ಕಿತ್ತುಕೊಂಡಿದ್ದಾರೆ. ಅದೇ ವರದಿಯಲ್ಲಿ ‘ಈ ತಂತ್ರಜ್ಞಾನ ಇಲ್ಲಿನ ಕಾರ್ಮಿಕರ ತಿಳಿವಳಿಕೆಗೆ ನಿಲುಕದ್ದು’ ಎಂದೂ ಬರೆದಿದ್ದೀರಿ. ಯಾರ ತಿಳಿವಳಿಕೆಗೆ ನಿಲುಕಲಿಲ್ಲ? ಆರಿಸಿ ಎಂದವರು ಯಾರು? ನೀರು ಹೊಡಿ ಎಂದವರು ಯಾರು?

ಮೊನ್ನೆ ಹೊಸಪೇಟೆಯ ಆಸ್ಪತ್ರೆಗೆ ಹೋಗಿದ್ದೆ. ಬೈಸಿಕೊಳ್ಳಲು ಸಿದ್ಧಳಾಗಿಯೇ ಹೋಗಿದ್ದೆ. ಗಾದಿಲಿಂಗ ಎದ್ದು ಕೂರಲು ಒದ್ದಾಡಿದ. “ನನ್ನಿಂದ ನಿಮ್ಮ ಗುಂಡೆಲ್ಲಾ ಹಾಳಾದ್ವಲ್ರಿ ಮೇಡಂ. ನಾನ ಮುಚ್ಚಳ ಜಲ್ದಿ ತೆಗದ್ನಿ, ತಪ್ಪಾತು” ಅಂದ. ನಿಮ್ಮ ವರದಿಯನ್ನು ಅವನು ನಂಬಿಬಿಟ್ಟಿದ್ದಾನೆ! ಅವನ ಹೆಂಡತಿ ಎರ್ರೆಮ್ಮ ನನಗೆ ಸ್ಟೂಲು ಎಳೆದುಕೊಟ್ಟು, “ಕುಂದ್ರಿ ಮೇಡಂ. ಹಬ್ಬದ ದಿನ ದೊಡ್ಡೋರಿಗೆ ಬ್ಯಾಡ ಅನ್ನಾಕ ಯಾರಿಗಾಗ್ತದ?” ಎಂದು ನನ್ನನ್ನೇ ಸಮಾಧಾನ ಮಾಡಿದಳು. ನೀರು ಹೊಡೆಯಲು ಹೇಳಿದ್ದು ನಾನು, ತಪ್ಪು ನಿನ್ನದಲ್ಲಪ್ಪ ಅಂದೆ. “ಇರ್ಲಿ ಬಿಡ್ರಿ” ಅಂದ. ನಂಬಲಿಲ್ಲ.

ಅಧಿಕಾರಿಗಳೇ, ನನ್ನ ಮಾತು ಅವನಿಗೆ ಸಾಲದು. ವರದಿಯ ಆ ಸಾಲನ್ನು ಹೊಡೆದುಹಾಕಿ, ಗಾದಿಲಿಂಗನ ಹೆಸರಿದ್ದ ಜಾಗದಲ್ಲಿ ನಮ್ಮಿಬ್ಬರ ಹೆಸರು ಬರೆಯಿರಿ. ಬೇಕಾದರೆ ನನ್ನದೇ ಮೊದಲಿರಲಿ. ಅವನ ಚಿಕಿತ್ಸೆಯ ಹೊಣೆ ಹೊತ್ತು, ಕೆಲಸ ಹಿಂದಿರುಗಿಸಿ. ಆಮೇಲೆ ನೀವೇ ಆ ವಾರ್ಡಿಗೆ ಬಂದು, ತಪ್ಪು ನಿನ್ನದಲ್ಲ ಎಂದು ಅವನಿಗೆ ಕೇಳುವಂತೆ ಹೇಳಿ. ಹೆದರಬೇಡಿ, ಅಲ್ಲಿ ಸೆಕೆ ಇಲ್ಲ, ಫ್ಯಾನಿದೆ.

ಇಂತಿ,
‘ಬ್ಯಾಡ’ ಎಂಬ ಎರಡಕ್ಷರ ಹೊತ್ತಿಗೆ ಸರಿಯಾಗಿ ಬಾಯಿಂದ ಬಾರದ
ಯಶೋಧರಾ
ಸೆರಾಮಿಕ್ ಎಂಜಿನಿಯರ್, ಹೊಸಪೇಟೆ