ಮುಂದಿನ ಸಣ್ಣ ಚಕ್ರ

ಕಲ್ಯ, ಮಾಗಡಿ ತಾಲ್ಲೂಕು
೨೧ ಜೂನ್ ೨೦೦೮, ಶನಿವಾರ

ಪ್ರೀತಿಯ ಮಗ ಸಿದ್ದರಾಮುವಿಗೆ,

ಹೇಗಿದ್ದೀಯಪ್ಪ? ನಿನ್ನ ಎದೆಯುರಿ ಕಡಿಮೆಯಾಯಿತೇ? ಪುಣೆಯಲ್ಲಿ ಮೂರು ಹೊತ್ತೂ ಚಪಾತಿ ಎಂದು ಅಂಬುಜ ಹೇಳಿದಳು. ಮುದ್ದೆ ತಿಂದು ಬೆಳೆದ ನಿನ್ನ ಹೊಟ್ಟೆ ಅದನ್ನು ಎಷ್ಟು ದಿನ ತಡೆಯುತ್ತದೋ ಕಾಣೆ. ಪಾಳಿ ಮುಗಿಸಿ ಬಂದು ಖಾಲಿ ಹೊಟ್ಟೆಗೆ ಟೀ ಸುರಿದುಕೊಳ್ಳಬೇಡ, ಒಂದು ಬಾಳೆಹಣ್ಣಾದರೂ ತಿನ್ನು. ಇಲ್ಲಿ ನಿನ್ನ ಹೆಂಡತಿ, ಮಗಳು ಚೆನ್ನಾಗಿದ್ದಾರೆ. ಸಿರಿಗೆ ಮುಂದಿನ ಎರಡು ಹಲ್ಲು ಬಿದ್ದು, ನಗುವಾಗ ಬಾಯಿಗೆ ಕೈ ಅಡ್ಡ ಹಿಡಿಯುತ್ತಾಳೆ. ಸೊಪ್ಪು ಚೆನ್ನಾಗಿ ಬಂದಿದೆ, ರೇಷ್ಮೆ ಹುಳು ಎರಡನೇ ಜ್ವರ ಕಳೆದು, ಪೊರೆ ಬಿಟ್ಟು ಎದ್ದಿವೆ. ನನ್ನ ಮಂಡಿ ಇದ್ದ ಹಾಗೇ ಇದೆ, ಅದರ ಸುದ್ದಿ ಬಿಡು.

ಫೋನ್ ಇರುವಾಗ ಅಪ್ಪ ಯಾಕೆ ಕಾಗದ ಬರೆದ ಎಂದು ನಿನಗೆ ಅನ್ನಿಸಬಹುದು. ಫೋನಿನಲ್ಲಿ ನೀನು ನನಗೆ ಮಾತು ಮುಗಿಸಲು ಬಿಡುವುದಿಲ್ಲ. ಲೈನಿನಲ್ಲಿದ್ದೀನಿ, ಸೂಪರ್‌ವೈಸರ್ ಬಂದ, ಆಮೇಲೆ ಮಾಡ್ತೀನಿ ಎಂದು ಇಡುತ್ತೀಯ. ಅದೂ ಅಲ್ಲದೆ ಈ ಕೆಲಸ ಕೆಟ್ಟದ್ದೇ ಫೋನಿನಲ್ಲಿ. ಸುಳ್ಳನ್ನು ನೀನು ನನಗೆ ಫೋನಿನಲ್ಲಿ ಕಲಿಸಿದೆ, ನಾನು ಫೋನಿನಲ್ಲೇ ಒಪ್ಪಿಸಿದೆ. ಆದ್ದರಿಂದ ಅಂಗಡಿಯಿಂದ ನಾಲ್ಕು ಹಾಳೆ ತಂದು, ಸಿರಿಯ ಪೆನ್ನು ಕೇಳಿ ಪಡೆದು ಕೂತಿದ್ದೇನೆ. ನಿನಗೆ ಗೊತ್ತಿರುವುದನ್ನೂ ಮೊದಲಿನಿಂದ ಬರೆಯುತ್ತೇನೆ, ಯಾಕೆಂದರೆ ನಿನಗೆ ಗೊತ್ತಿರುವುದು ಅರ್ಧ ಮಾತ್ರ.

ನಿನ್ನ ಅವ್ವನಿಗೆ ಲಕ್ವ ಹೊಡೆದಾಗ ನೀನು ಬೆಂಗಳೂರಿನಿಂದ ಗಾಲಿಕುರ್ಚಿ ತಂದೆ. ಬಿಡದಿಯ ಫ್ಯಾಕ್ಟರಿಯಲ್ಲಿ ಆಗಿನ್ನೂ ನೀನು ಕಾಂಟ್ರಾಕ್ಟಿನ ಮೇಲಿದ್ದೆ. ಎರಡು ಸಂಬಳ ಅದಕ್ಕೇ ಹೋಯಿತು ಎಂದು ನನಗೆ ಗೊತ್ತು, ಅದನ್ನು ನಾನು ಮರೆತಿಲ್ಲ. ಮಾಯಮ್ಮ ಎರಡು ವರ್ಷ ಅದರಲ್ಲೇ ಕೂತು ಈ ಮನೆಯನ್ನು ಆಳಿದಳು. ಅವಳು ಹೋದ ಮೇಲೆ ಕುರ್ಚಿ ನಡುಮನೆಯ ಮೂಲೆಯಲ್ಲಿ ಮಡಿಚಿ ನಿಂತಿತ್ತು. ಸುಮ್ಮನೆ ತುಕ್ಕು ಹಿಡಿಯುವ ಬದಲು ಯಾರಿಗಾದರೂ ಆಗಲಿ ಎಂದು ನೀನು ಅದನ್ನು ಇಂಟರ್‌ನೆಟ್ಟಿನ ಹರಾಜಿಗೆ ಹಾಕಿದೆ. ನಾನೂ ಹೂಂ ಅಂದಿದ್ದೆ. ಹಳೆಯ ಫೋಟೊ ಒಂದನ್ನು ಕತ್ತರಿಸಿ ಹಾಕಿದ್ದೆಯಲ್ಲ, ಅದರಲ್ಲಿ ಅವಳ ಮುಖವಿರಲಿಲ್ಲ, ಆದರೆ ಕುರ್ಚಿಯ ತೋಳಿನ ಮೇಲೆ ಅವಳ ಬಲಗೈ ಉಳಿದುಬಿಟ್ಟಿತ್ತು. ಬಳೆ ಸಮೇತ.

ಹರಾಜು ಚನ್ನಪಟ್ಟಣದ ಅಂಕಯ್ಯ ಎಂಬುವವರಿಗೆ ನಿಂತಿತು. ಗೊಂಬೆ ಕಡೆಯುವ ಮನುಷ್ಯ, ಓದು ಬರಹ ಅಷ್ಟಕ್ಕಷ್ಟೆ. ಬ್ರೌಸಿಂಗ್ ಸೆಂಟರಿನ ಹುಡುಗಿಯ ಕೈಯಲ್ಲಿ ಕೂಗು ಹಾಕಿಸಿದ್ದರು. ಮಾರನೆಯ ದಿನವೇ ನಿನಗೆ ಯಾವುದೋ ನರ್ಸಿಂಗ್ ಹೋಮಿನವನು ಸಿಕ್ಕಿ ಒಂದೂವರೆ ಪಟ್ಟು ಕೊಡುತ್ತೇನೆ ಅಂದ. ನೀನು ನನಗೆ ಫೋನ್ ಮಾಡಿದೆ. ಕೊಡುವುದಿಲ್ಲ ಎಂದು ಹೇಳಿಬಿಡೋಣ ಎಂದೆ ನಾನು. ಆಗ ನೀನು ಅಂದದ್ದು ನನಗೆ ಅಕ್ಷರಕ್ಕೆ ಅಕ್ಷರ ನೆನಪಿದೆ: "ಅಂಗಂದ್ರೆ ನನ್ನೆಸ್ರಿಗೆ ಅಲ್ಲಿ ಕಪ್ಪು ಚುಕ್ಕೆ ಬೀಳ್ತದೆ ಕಣಪ್ಪ. ಮುರಿದೋಯ್ತು ಅಂದ್ಬುಡು, ಯಾರೂ ಏನೂ ಕೇಳಕಿಲ್ಲ."

ನಾನು ಯಾಕೆ ಒಪ್ಪಿದೆ ಎಂದು ಹೇಳುತ್ತೇನೆ, ಕೇಳು. ಮೂವತ್ತು ವರ್ಷ ರಾಮನಗರದ ರೇಷ್ಮೆ ಗೂಡಿನ ಮಾರುಕಟ್ಟೆಯಲ್ಲಿ ನಿಂತವನು ನಾನು. ಅಲ್ಲಿ ಹರಾಜಿನಲ್ಲಿ ಎಷ್ಟೇ ಮೇಲಿನ ಕೂಗು ಬಂದರೂ, ರೈತನಿಗೆ ಬೆಲೆ ಹಿಡಿಸದಿದ್ದರೆ ಇಲ್ಲ ಅನ್ನಬಹುದು. ತಪ್ಪಲ್ಲ. ಮತ್ತೆ ಕೂಗಿಸಬಹುದು. ನೂಲು ತೆಗೆಯುವ ಬಿಸ್ಮಿಲ್ಲಾ ಸಾಹೇಬರ ಕೂಗನ್ನು ನಾನು ಎಷ್ಟು ಸಲ ತಳ್ಳಿದ್ದೇನೋ ಲೆಕ್ಕವಿಲ್ಲ, ಅರ್ಧ ಗಂಟೆಗೆ ಇಬ್ಬರೂ ಒಂದೇ ಬೆಂಚಿನಲ್ಲಿ ಟೀ ಕುಡಿಯುತ್ತಿದ್ದೆವು. ಇದೂ ಹರಾಜು, ಅದೂ ಹರಾಜು ಎಂದುಕೊಂಡೆ ನಾನು. ನನ್ನ ದಡ್ಡತನ ಅದೇ. ಅಲ್ಲಿ ನಾನು ಇಲ್ಲ ಅನ್ನುತ್ತಿದ್ದದ್ದು ರಾಶಿಯ ಪಕ್ಕ ನಿಂತು, ಸಾಹೇಬರ ಮುಖ ನೋಡಿ. ಅವರು ನಕ್ಕು ಪಕ್ಕದ ರಾಶಿಗೆ ಹೋಗುತ್ತಿದ್ದರು. ಗೂಡು ಕೊಳೆತಿದೆ ಎಂದು ಸುಳ್ಳು ಹೇಳಿ ಯಾರನ್ನೂ ವಾಪಸು ಕಳಿಸಿದವನಲ್ಲ ನಾನು. ಅಂಕಯ್ಯನವರಿಗೆ ಪಕ್ಕದಲ್ಲಿ ಇನ್ನೊಂದು ರಾಶಿಯೂ ಇರಲಿಲ್ಲ.

ಫೋನ್ ಮಾಡಿ ಮುರಿದುಹೋಗಿದೆ ಅಂದೆ. ಅವರು, "ಏನೂ ಆಗಕಿಲ್ಲ ಬುಡಿ ಯಜಮಾನ್ರೇ. ನಮ್ ಭಾಮೈದುಂದು ಬೆಸುಗೆ ಅಂಗ್ಡಿ ಐತೆ. ಮುರಿದಿರೋದ್ನೇ ತಕೋತೀನಿ, ಒಪ್ಕಂಡಿರೋ ದುಡ್ಡೇ ಕೊಡ್ತೀನಿ. ಭಾನ್ವಾರ ಬತ್ತೀನಿ" ಅಂದರು. ಬರಬೇಡಿ ಅನ್ನಲು ನನಗೆ ಬಾಯಿ ಬರಲಿಲ್ಲ. ಆಮೇಲೆ ನಿನಗೆ ನಾಲ್ಕು ಸಲ ಫೋನ್ ಮಾಡಿದೆ. ನೀನು ಎತ್ತಲಿಲ್ಲ.

ಇನ್ನು ನಿನಗೆ ಗೊತ್ತಿಲ್ಲದ ಅರ್ಧ. ಆ ಭಾನುವಾರ ಬೆಳಿಗ್ಗೆ ಕುರ್ಚಿ ನಡುಮನೆಯಲ್ಲಿ ಗಟ್ಟಿಮುಟ್ಟಾಗಿ ನಿಂತಿತ್ತು. ಬಚ್ಚಿಡೋಣವೆಂದರೆ ಮುರಿದದ್ದು ತೋರಿಸಿ ಎನ್ನುತ್ತಾರೆ. ಒಂಬತ್ತು ಗಂಟೆಯ ಬಸ್ಸಿಗೆ ಬರುತ್ತೇನೆ ಅಂದಿದ್ದರು. ಎಂಟೂವರೆಗೆ ನಾನು ಕುರ್ಚಿಯನ್ನು ಹಿತ್ತಿಲಿಗೆ ಒಯ್ದು, ಗೂಟ ಹೊಡೆಯುವ ಸುತ್ತಿಗೆ ತೆಗೆದುಕೊಂಡು, ಮುಂದಿನ ಸಣ್ಣ ಚಕ್ರವನ್ನು ಹಿಡಿದಿರುವ ಕೊಳವೆಗೆ ಹೊಡೆದೆ. ಐದು ಏಟಿಗೆ ಮುರಿಯಿತು. ತಿರುಗಿದರೆ ಬಚ್ಚಲ ಬಾಗಿಲಲ್ಲಿ ಅಂಬುಜ ನಿಂತಿದ್ದಳು. "ಮಾವ, ಅತ್ತೆ ಕೂತಿದ್ದದ್ದಲ್ವಾ ಅದು" ಅಂದಳು, ಅಷ್ಟೆ. ಸುತ್ತಿಗೆ ಕೈಯಲ್ಲೇ ಇತ್ತು. ಅವಳ ಕಣ್ಣು ತಪ್ಪಿಸಿ ಮುರಿದ ಕುರ್ಚಿಯನ್ನು ಮತ್ತೆ ನಡುಮನೆಗೆ ತಂದು ನಿಲ್ಲಿಸಿದೆ.

ಅಂಕಯ್ಯ ಬಂದರು. ಐವತ್ತರ ಹತ್ತಿರದ ಸಣ್ಣ ಆಳು, ಬೆನ್ನು ಬಾಗಿದೆ. ಅಂಬುಜ ಕೊಟ್ಟ ಕಾಫಿ ಕುಡಿದು ತಮ್ಮ ಕಥೆ ಹೇಳಿದರು. ಒಬ್ಬಳೇ ಮಗಳು, ಮನೆಯಲ್ಲಿ ಪುಟ್ಟಿ ಎಂದು ಕರೆಯುತ್ತಾರೆ, ಹದಿಮೂರು ವರ್ಷ, ಹುಟ್ಟಿನಿಂದ ಕಾಲಿಲ್ಲ. ಏಳನೇ ಕ್ಲಾಸಿನವರೆಗೆ ಬೆನ್ನ ಮೇಲೆ ಹೊತ್ತು ಶಾಲೆಗೆ ಬಿಟ್ಟಿದ್ದಾರೆ. ಹೈಸ್ಕೂಲು ದೂರ, ಇವರ ಬೆನ್ನು ಬಿದ್ದುಹೋಗಿದೆ. ಕುರ್ಚಿಯಲ್ಲಿ ಬರುವುದಾದರೆ ಸೇರಿಸಿಕೊಳ್ಳುತ್ತೇನೆ ಎಂದು ಹೆಡ್‌ಮಾಸ್ತರರು ಹೇಳಿದ್ದಾರಂತೆ. ಶಾಲೆ ಜೂನ್ ಎರಡಕ್ಕೆ ಶುರು. ಹೊಸದು ಕೊಳ್ಳುವ ಶಕ್ತಿ ಅವರಿಗಿಲ್ಲ. ಫೋಟೊದಲ್ಲಿ ಕಂಡ ಬಳೆಯ ಕೈ ನೋಡಿ ಇದು ಮನೆಯವರು ಬಳಸಿದ ಕುರ್ಚಿ, ಮೋಸದ್ದಲ್ಲ ಎಂದು ನಂಬಿದರಂತೆ. ನಾನು ಕಾಫಿ ಲೋಟ ನೋಡುತ್ತಾ ಕೂತಿದ್ದೆ.

ಆಮೇಲೆ ಕುರ್ಚಿಯ ಪಕ್ಕ ಕುಕ್ಕರಗಾಲಲ್ಲಿ ಕೂತು ಮುರಿದ ಕಡೆ ಬೆರಳಾಡಿಸಿದರು. ಮರ ಕಡೆಯುವವರಾದರೂ ಏಟು ಯಾವುದು, ಸವೆತ ಯಾವುದು ಎಂದು ತಿಳಿಯದವರಲ್ಲ. "ಯಜಮಾನ್ರೇ, ಇದು ಇವತ್ತು ಮುರಿದದ್ದು. ಒಳಗೆ ಇನ್ನೂ ಬೆಳ್ಳಗೈತೆ" ಅಂದರು. ಅವರು ಎದ್ದು ಪಂಚೆ ಕೊಡವಿ, "ಕೊಡಕಿಲ್ಲ ಅಂದಿದ್ರೆ ಸುಮ್ಕೆ ಇರ್ತಿದ್ನಲ್ಲ" ಎಂದು ಹೊರಟರು. ಬೈಯಲಿಲ್ಲ. ಬೈದಿದ್ದರೆ ನಾನೂ ತಿರುಗಿ ಏನಾದರೂ ಅಂದು ಹಗುರಾಗುತ್ತಿದ್ದೆ. ಬಸ್‌ಸ್ಟಾಪಿನವರೆಗೆ ಹಿಂದೆ ಓಡಿ, ದುಡ್ಡು ಬೇಡ, ಹಾಗೇ ತೆಗೆದುಕೊಂಡು ಹೋಗಿ ಎಂದೆ. ಬೇಡ ಎಂದು ಬಸ್ಸು ಹತ್ತಿದರು.

ನಿನ್ನ ನರ್ಸಿಂಗ್ ಹೋಮಿನವನೂ ಬಂದು, ನೋಡಿ, ಮುರಿದದ್ದು ನನಗ್ಯಾಕೆ ಎಂದು ಹೋದ. ಜೂನ್ ಎರಡಕ್ಕೆ ಸಿರಿ ಹೊಸ ಬ್ಯಾಗು ಹಾಕಿಕೊಂಡು ಸ್ಕೂಲಿಗೆ ಹೊರಟಳು. ತಾತ ಟಾಟಾ ಅಂದಳು. ನನಗೆ ಕೈ ಎತ್ತಲಾಗಲಿಲ್ಲ. ಆಮೇಲೂ ಹತ್ತು ದಿನ ಮುಖ ತೋರಿಸುವ ಧೈರ್ಯ ಬರದೆ ಹಿಪ್ಪುನೇರಳೆ ತೋಟದಲ್ಲೇ ಕಾಲ ಕಳೆದೆ. ಕೊನೆಗೆ ಹೋದ ಶನಿವಾರ ಕುರ್ಚಿಯನ್ನು ಮಾಗಡಿಗೆ ಒಯ್ದು ಬೆಸುಗೆ ಹಾಕಿಸಿದೆ. ಕೊಳವೆಯನ್ನೇ ಬದಲಾಯಿಸಬೇಕು, ಅದು ಬೆಂಗಳೂರಿನಿಂದ ಬರಬೇಕು, ಎರಡು ವಾರ ಆಗುತ್ತದೆ ಎಂದ ಬೆಸುಗೆಯವನು. ಅಷ್ಟು ದಿನ ಕಾಯುವುದು ಹೇಗೆ? ಇದನ್ನೇ ಹಾಕು ಅಂದೆ. ಹಾಕಿ, "ಬಣ್ಣ ಹೊಡೀಬ್ಯಾಡಿ, ಬೆಸುಗೆ ಕಾಣ್ತಿರ್ಲಿ. ಸೀಳು ಬುಟ್ರೆ ಗೊತ್ತಾಯ್ತದೆ" ಎಂದು ಹೇಳಿ ಕಳಿಸಿದ. ಕರಿ ಗಂಟು ಕಟ್ಟಿದ ಹಾಗೆ ಅಸಹ್ಯವಾಗಿ ಕಾಣುತ್ತಿತ್ತು ಕಣಪ್ಪ. ನನ್ನ ಸುತ್ತಿಗೆಯ ಗುರುತು ಹೊತ್ತುಕೊಂಡು ಹೋಗಿ ಆ ಮನುಷ್ಯನ ಮುಂದೆ ಇಡಲು ನಾಚಿಕೆಯಾಯಿತು. ಬೆಳ್ಳಿ ಬಣ್ಣದ ಡಬ್ಬಿ ತಂದು ಎರಡು ಕೈ ಬಳಿದೆ. ಹೊಸದರ ಹಾಗೆ ಹೊಳೆಯಿತು.

ಭಾನುವಾರ ಬಸ್ಸಿನ ಮೇಲೆ ಹಾಕಿಸಿಕೊಂಡು, ರಾಮನಗರದಲ್ಲಿ ಇಳಿಸಿ, ಮತ್ತೊಂದು ಬಸ್ಸಿಗೆ ಹತ್ತಿಸಿ, ಚನ್ನಪಟ್ಟಣ ಮುಟ್ಟಿದೆ. ಅಂಕಯ್ಯ ಕಡೆಯುವ ಯಂತ್ರ ನಿಲ್ಲಿಸಿ, ಮರದ ಪುಡಿ ಒರೆಸಿಕೊಂಡು ಎದ್ದರು. ಇಷ್ಟು ದೂರ ನೀವೇ ಹೊತ್ತು ತಂದಿರಾ ಎಂದು ನನ್ನ ಕೈ ಹಿಡಿದುಕೊಂಡರು. ಕೊಳವೆಯ ಬಣ್ಣ ನೋಡಿ, "ಹೊಸ್ದೇ ಹಾಕ್ಸಿದ್ರಾ?" ಅಂದರು. ನಾನು ಹೂಂ ಅಂದೆ. ಅವರು, ಬೆಸುಗೆಯ ಭಾಮೈದನಿಗೆ ತೋರಿಸಬೇಕು ಎಂದುಕೊಂಡಿದ್ದೆ, ಹೊಸದಾದರೆ ಯಾಕೆ ಬೇಕು ಎಂದು ಸುಮ್ಮನಾದರು. ನಾನು ಬೇಡವೆಂದರೂ ಹರಾಜಿನ ದುಡ್ಡನ್ನು ಒಂದು ರೂಪಾಯಿ ಕಡಿಮೆಯಿಲ್ಲದೆ ನನ್ನ ಜೇಬಿಗೆ ತುರುಕಿದರು. ಪುಟ್ಟಿಯನ್ನು ಎತ್ತಿ ಕೂರಿಸಿದರು. ಆ ಮಗು ಕುರ್ಚಿಯ ತೋಳಿನ ಮೇಲೆ, ಫೋಟೊದಲ್ಲಿದ್ದ ಜಾಗದಲ್ಲೇ ಬಲಗೈ ಇಟ್ಟು, "ಆ ಕೈ ಯಾರ್ದು ತಾತ?" ಎಂದು ಕೇಳಿತು. ನಮ್ಮ ಮನೆಯವಳದು ಅಂದೆ. ಸೋಮವಾರದಿಂದ ಶಾಲೆಗೆ ಹೋಗುತ್ತೇನೆ ಅಂದಳು. ಬರುವಾಗ ಬಸ್ಸಿನಲ್ಲಿ ಎಷ್ಟೋ ದಿನದ ಮೇಲೆ ಒಳ್ಳೆಯ ನಿದ್ದೆ ಮಾಡಿದೆ.

ಅಲ್ಲಿಗೆ ಮುಗಿಯಿತು ಎಂದು ಈ ಕಾಗದ ಬರೆಯಲು ಕೂತೆ. ನಿನ್ನಿಂದ ಒಂದೇ ಕೆಲಸ ಆಗಬೇಕು. ಆ ಹರಾಜಿನ ಜಾಗದಲ್ಲಿ ವಸ್ತು ಮುರಿದಿದೆ ಎಂದು ನೀನು ಬರೆದಿದ್ದೀಯಂತೆ. ಅದನ್ನು ತೆಗೆದು, ಕೊಡಲು ಮನಸ್ಸಾಗದೆ ಸುಳ್ಳು ಹೇಳಿದೆವು ಎಂದು ಬರೆ. ಚುಕ್ಕೆ ಬಿದ್ದರೆ ಬೀಳಲಿ. ಅಷ್ಟಕ್ಕೆ ಫ್ಯಾಕ್ಟರಿಯವರು ನಿನ್ನ ಕೆಲಸ ಕಿತ್ತುಕೊಳ್ಳುವುದಿಲ್ಲ. ಎಲ್ಲವನ್ನೂ ನಿನ್ನ ತಲೆಗೆ ಕಟ್ಟುತ್ತಿದ್ದೇನೆ ಎಂದುಕೊಳ್ಳಬೇಡ, ಸುತ್ತಿಗೆ ಹಿಡಿದವನು ನಾನು.

ಅಂಬುಜ, ಸಿರಿ ನಿನ್ನನ್ನು ಕೇಳುತ್ತಿರುತ್ತಾರೆ. ಎಲ್ಲಿದ್ದರೂ ಆರೋಗ್ಯವಾಗಿರು, ನಿನ್ನ ಅವ್ವನ ಹರಕೆ ನಿನ್ನ ಬೆನ್ನಿಗಿರಲಿ.

ನಿನ್ನ ಅಪ್ಪ,
ಪುಟ್ಟಲಿಂಗಯ್ಯ

ಮರೆತಿದ್ದಲ್ಲ, ಈಗ ಬಂದದ್ದು: ಲಕೋಟೆಗೆ ಅಂಟು ಹಚ್ಚುತ್ತಿದ್ದೆ, ಪೋಸ್ಟ್‌ಮ್ಯಾನ್ ಒಂದು ಕಾರ್ಡು ಕೊಟ್ಟು ಹೋದ. ಅಂಕಯ್ಯನವರದು, ಯಾರ ಕೈಯಲ್ಲೋ ಬರೆಸಿದ್ದಾರೆ. ಬುಧವಾರ ಶಾಲೆಯ ಗೇಟಿನ ಇಳಿಜಾರಿನಲ್ಲಿ ಮುಂದಿನ ಸಣ್ಣ ಚಕ್ರ ಕಳಚಿ ಪುಟ್ಟಿ ಬಿದ್ದಿದ್ದಾಳೆ. ಬಲಗೈ ಎರಡು ಕಡೆ ಮುರಿದಿದೆ, ಆಸ್ಪತ್ರೆಯಲ್ಲಿದ್ದಾಳೆ, ಬೆರಳು ಆಡುತ್ತಿಲ್ಲವಂತೆ. ಕೊನೆಯಲ್ಲಿ ಬರೆಸಿದ್ದಾರೆ: "ಯಜಮಾನರೇ, ಹೊಸ ಕೊಳವೆ ಎಂದು ನಿಮ್ಮ ಹತ್ತಿರ ದುಡ್ಡು ತೆಗೆದುಕೊಂಡ ಅಂಗಡಿಯವನು ನಿಮಗೆ ಮೋಸ ಮಾಡಿದ್ದಾನೆ. ಅವನನ್ನು ಸುಮ್ಮನೆ ಬಿಡಬೇಡಿ." ನಾನು ಹನ್ನೊಂದರ ಬಸ್ಸಿಗೆ ಹೊರಟೆ. ಮೋಸ ಮಾಡಿದವನು ಯಾರೆಂದು ಅವರಿಗೆ ಹೇಳಬೇಕು. ನೀನೂ ಬಾ.