ಎದೆಯೊಳಗಿನ ಕಬ್ಬಿಣ

ಆನೇಮಹಲ್
೯ ಡಿಸೆಂಬರ್ ೨೦೨೪

ಪ್ರೀತಿಯ ಫಹಮೀದಾ ಆಂಟಿಗೆ,

ಬಿಂದುಶ್ರೀಯ ಸಲಾಂ. ರಿಪೋರ್ಟ್ ಬಂದ ದಿನವೇ ತಿಳಿಸು ಎಂದಿದ್ದಿರಿ. ವಾರ ತಡವಾಯಿತು, ಬಯ್ಯಬೇಡಿ. ಬಸ್ಸು ಹತ್ತಿದರೆ ಬಾಳ್ಳುಪೇಟೆ ಏನು ದೂರ? ಆದರೆ ನಿಮ್ಮೆದುರು ಕುಳಿತರೆ ನನಗೆ ಮಾತೇ ಹೊರಡುವುದಿಲ್ಲ. ಅದಕ್ಕೇ ಈ ಪತ್ರ.

ಆಂಟಿ, ನನ್ನ ಹೃದಯ ಚೆನ್ನಾಗಿದೆಯಂತೆ! ಈ ಥಲಸ್ಸೇಮಿಯಾದಿಂದಾಗಿ ಚಿಕ್ಕಂದಿನಿಂದ ತಿಂಗಳು ತಿಂಗಳೂ ಏರಿಸಿಕೊಂಡ ರಕ್ತದ ಕಬ್ಬಿಣವೆಲ್ಲ ಅಲ್ಲೇ ಕೂತಿದೆಯೋ ಏನೋ ಎಂದು ಎಷ್ಟು ಹೆದರಿದ್ದೆ!

ಕಾಫಿ ಕೊಯ್ಲಿನ ನಡುವೆಯೇ ಅಪ್ಪ ಕೆಲಸ ಬಿಟ್ಟು ನನ್ನ ಜೊತೆ ಬಂದರು. ದೋಣಿಗಲ್ ದಾಟಿ ಘಾಟಿ ಇಳಿದೆವು. ಮಂಗಳೂರಿನಲ್ಲಿ ಎಂಆರ್‌ಐ ಯಂತ್ರದೊಳಗೆ ಮಲಗಿಸಿದರು. ಕಿವಿಯ ಪಕ್ಕದಲ್ಲೇ ತಗಡು ಬಡಿದಂಥ ಸದ್ದು. ಪುಷ್ಪಾ ಎನ್ನುವ ಸಿಸ್ಟರ್ ಮೈಕಿನಲ್ಲಿ, "ಉಸಿರು ಹಿಡಿ ಮಗಾ... ಹಾಂ, ಈಗ ಬಿಡು" ಎನ್ನುತ್ತಲೇ ಇದ್ದರು.

ಆಮೇಲೆ ಡಾಕ್ಟರು ಹೇಳಿದರು: "ಮೂರು ವರ್ಷದ ಹಿಂದೆ ಹೃದಯದ ಅಂಕಿ ಹನ್ನೆರಡಿತ್ತು. ಈಗ ಇಪ್ಪತ್ತನಾಲ್ಕು."

ಅಪ್ಪ ಕುರ್ಚಿಯಿಂದ ಎದ್ದೇಬಿಟ್ಟರು. "ಅಯ್ಯೋ, ಜಾಸ್ತಿ ಆಗ್ಬುಟ್ಟೈತಲ್ಲ ಡಾಕ್ಟ್ರೇ!"

ಡಾಕ್ಟರು ನಕ್ಕರು. "ಕೂತ್ಕೊಳ್ಳಿ. ಅಂಕಿ ಏರಿದಷ್ಟೂ ಕಬ್ಬಿಣ ಇಳಿದಿದೆ ಅಂತ ಅರ್ಥ. ಇಪ್ಪತ್ತು ದಾಟಿದರೆ ಭಯವಿಲ್ಲ. ಲಿವರ್‌ನಲ್ಲಿ ಇನ್ನೂ ಸ್ವಲ್ಪ ಇದೆ, ಕಬ್ಬಿಣ ಇಳಿಸುವ ಮಾತ್ರೆ ಬಿಡಬಾರದು."

ಅಪ್ಪ ಹೊರಗೆ ಬಂದವರೇ, ಪರಿಚಯವೇ ಇಲ್ಲದ ವಾಚ್‌ಮನ್ ಕೈ ಹಿಡಿದು, "ನನ್ ಮಗಳ ಎದೆ ಗಟ್ಟಿ ಐತೆ ಕಣ್ರೀ!" ಎಂದರು. ನನಗೆ ನಗು, ಅಳು ಎರಡೂ ಒಟ್ಟಿಗೆ ಬಂದವು.

ನಿಮ್ಮ ತಬ್ರೇಜ್‌ಗೂ ನನ್ನದೇ ಕಾಯಿಲೆ. ಹಾಸನದ ವಾರ್ಡಿನಲ್ಲಿ ವರ್ಷಗಟ್ಟಲೆ ಅಕ್ಕಪಕ್ಕದ ಮಂಚದಲ್ಲಿ ರಕ್ತ ಏರಿಸಿಕೊಂಡವರು ನಾವು. ಅವನ ರಕ್ತ ಪರೀಕ್ಷೆ ಚೆನ್ನಾಗಿಯೇ ಬರುತ್ತಿತ್ತು. ಹೃದಯದೊಳಗೆ ಇಣುಕಿ ನೋಡಿದವರಿರಲಿಲ್ಲ. ಅವನು ಹೋದ ಮೇಲೆ ನೀವೇ ನಮ್ಮ ಮನೆಗೆ ಬಂದು, "ಇವಳಿಗೆ ಸ್ಕ್ಯಾನ್ ಮಾಡ್ಸಿ, ನನ್ ಕಣ್ಣೆದುರು ಇನ್ನೊಂದು ಮಗು ಹೋಗೋದು ಬೇಡ" ಎಂದು ಅಪ್ಪನ ಹತ್ತಿರ ಜಗಳವಾಡಿದಿರಿ. ಮೂರು ವರ್ಷದ ಹಿಂದಿನ ಆ ಮೊದಲ ಸ್ಕ್ಯಾನ್ ಆದದ್ದು, ನಾನು ಇವತ್ತು ಇರುವುದು, ಎರಡೂ ಆ ಜಗಳದಿಂದ.

ಅಮ್ಮ ನಿಮಗೆ ಹೊಸ ಕಾಫಿಪುಡಿ ಎತ್ತಿಟ್ಟಿದ್ದಾಳೆ. ಆರೋಗ್ಯ ನೋಡಿಕೊಳ್ಳಿ. ನಿಮ್ಮ ದುವಾ ಸದಾ ನನ್ನ ಮೇಲಿರಲಿ.

ನಿಮ್ಮ ಮಗಳಂತೆಯೇ ಇರುವ,
ಬಿಂದುಶ್ರೀ

ತಾ.ಕ.: ಹೊರಡುವಾಗ ಡಾಕ್ಟರು, "ಇನ್ನು ಮದುವೆ ಮಾಡಬಹುದು" ಎಂದರು. ಅಪ್ಪನ ಮುಖ ಅರಳಿತು. ನಾನು ಕಿಟಕಿಯ ಕಡೆ ತಿರುಗಿಕೊಂಡೆ. ಆಂಟಿ, ತಬ್ರೇಜ್ ಮತ್ತು ನಾನು ಮದುವೆಯಾಗಬೇಕೆಂದಿದ್ದೆವು. "ಅಮ್ಮನಿಗೆ ನಾನೇ ಹೇಳ್ತೀನಿ, ಹಬ್ಬ ಮುಗೀಲಿ" ಎಂದಿದ್ದ.